ಹಿಂದೆ ಹಾಡುವ ಹಿಲರಕ್ಕ

ಚನ್ನಗಿರಿ

ಇಂಗ್ಲೆಂಡಿನಿಂದ ಬಂದ ಮರುದಿನವೇ ಪಕ್ಕದ ಮನೆಯ ನಾಗಮ್ಮ ಬಂದು ನಮ್ಮ ಸೋಫಾದ ಮೇಲೆ ಕೂತಳು. "ರಾಣಿ ಅರಮನೆ ನೋಡಿದ್ರಾ ಮೇಡಂ?" ಅಂದಳು. ಇಲ್ಲ ಅಂದೆ. "ಆ ದೊಡ್ಡ ಗಡಿಯಾರದ ಗೋಪುರ?" ಅದೂ ಇಲ್ಲ. "ಮತ್ತೆ ಅಷ್ಟು ದೂರ ಏನ್ ನೋಡಾಕೆ ಹೋಗಿದ್ರಿ?"

ಹಿಲರಕ್ಕನನ್ನು ನೋಡಿಕೊಂಡು ಬಂದೆ ಅಂದೆ. ಅದ್ಯಾವ ದೇವತೆಯೋ ಎಂದುಕೊಂಡ ನಾಗಮ್ಮ ಕೈ ಮುಗಿದಳು. ನಾನು ತಡೆಯಲಿಲ್ಲ.

ನಿಜ ಹೇಳಬೇಕೆಂದರೆ ನಾನು ಹೋದದ್ದು ತಂಗಿ ಗಿರಿಜಾಳನ್ನು ನೋಡಲು. ಅವಳು ಅಲ್ಲಿ ನರ್ಸ್. ತ್ಯಾವಣಿಗೆಯ ನಮ್ಮ ತವರಲ್ಲಿ ಕೋಳಿ ಕಾಲು ಮುರಿದರೂ ಬಟ್ಟೆ ಸುತ್ತುತ್ತಿದ್ದ ಹುಡುಗಿ, ಈಗ ಯಾರ್ಕ್‌ಷೈರ್ ಕಡೆಯ ಒಂದು ಊರಿನಲ್ಲಿ ಬಿಳಿಯರ ಕಾಲಿಗೆ ಸುತ್ತುತ್ತಾಳೆ. ನಾನು ಶಾಲೆಯಿಂದ ನಿವೃತ್ತಳಾದ ಮೇಲೆ "ಇನ್ನೇನು ನೆಪ ಹೇಳ್ತೀಯ, ಬಾ" ಎಂದು ಟಿಕೆಟ್ಟನ್ನೇ ಕಳಿಸಿದಳು.

ನಮ್ಮನೆಯವರು ಬರಲಿಲ್ಲ. ಅವರು ಜಗಳೂರು ತಾಲ್ಲೂಕಿನ ಸೊಕ್ಕೆಯವರು, ಒಣ ಹವೆಯಲ್ಲಿ ಬೆಳೆದ ಮೈ. ದಾವಣಗೆರೆಯಲ್ಲಿ ಮೋಡ ಕಟ್ಟಿದರೇ ಸ್ವೆಟರ್ ಹುಡುಕುತ್ತಾರೆ. "ನೀನು ಹೋಗಿ ಬಾ, ನಾನು ಫೋನಾಗೆ ನೋಡ್ತೀನಿ" ಅಂದರು.

ವಿಮಾನ ನಿಲ್ದಾಣ

ನನ್ನ ಭಯವೆಲ್ಲ ಶೇಂಗಾ ಚಟ್ನಿಪುಡಿಯ ಮೇಲಿತ್ತು. ಗಿರಿಜಾಗೆ ಅಂತ ಹೊನ್ನಾಳಿಯ ನಮ್ಮ ಬೀಗರು ಕುಟ್ಟಿಸಿ ಕೊಟ್ಟಿದ್ದರು. ಅಲ್ಲಿ ಇಳಿದಾಗ ಒಬ್ಬ ಅಧಿಕಾರಿ ನನ್ನನ್ನೇ ಆರಿಸಿ ಪಕ್ಕಕ್ಕೆ ಕರೆದ. ಚೀಲ ತೆಗೆಸಿದ, ಡಬ್ಬಿ ತೆಗೆಸಿದ, ಮೂಸಿದ. ಆಮೇಲೆ ಅವನಿಗೆ ಸೀನು ಹತ್ತಿತು. ಒಂದು ಸೀನು, ಒಂದು "ಸಾರಿ." ಮತ್ತೊಂದು ಸೀನು, ಮತ್ತೊಂದು "ಸಾರಿ." ನನ್ನ ಚಟ್ನಿಪುಡಿಗೆ ಸೀನಿ ನನ್ನ ಹತ್ತಿರವೇ ಕ್ಷಮೆ ಕೇಳುವವನನ್ನು ಕಂಡು ನನ್ನ ಭಯ ಅಲ್ಲೇ ಇಳಿದುಹೋಯಿತು. ಕಣ್ಣೊರೆಸಿಕೊಳ್ಳುತ್ತ ಹೋಗಿ ಹೋಗಿ ಎಂದು ಕೈ ಬೀಸಿದ.

ಗಿರಿಜಾಳ ಊರು ನ್ಯಾಮತಿಗಿಂತ ದೊಡ್ಡದು, ಹೊನ್ನಾಳಿಗಿಂತ ಚಿಕ್ಕದು. ಹೊನ್ನಾಳಿಯ ಹಾಗೆಯೇ ಹೊಳೆಯ ದಂಡೆಯಲ್ಲಿದೆ. ಆದರೆ ಆ ಹೊಳೆಯನ್ನು ತುಂಗಭದ್ರೆಯ ಪಕ್ಕ ಇಟ್ಟರೆ ಕಾಲುವೆ ಅನ್ನಬೇಕು. ಅಲ್ಲಿಯ ಜನ ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ, ಪ್ರತಿಯೊಬ್ಬರೂ. ನನಗೂ ಅದು ರೂಢಿಯಾಗಿ, ವಾಪಸು ಬಂದ ಮೇಲೆ ಚನ್ನಗಿರಿ ಬಸ್ಸಿನಲ್ಲಿ ಡ್ರೈವರಿಗೆ ಥ್ಯಾಂಕ್ಸ್ ಅಂದೆ. "ಯಾಕ್ ಮೇಡಂ, ಏನಾತು?" ಎಂದು ಅವನು ಗಾಬರಿಯಾದ.

ಗಿರಿಜಾಳ ಅಡಿಗೆಮನೆ

ಗಿರಿಜಾ ಬಾಡಿಗೆಗೆ ಇರುವುದು ಮಹಡಿಯಲ್ಲಿ. ಕೆಳಗೆ ಮನೆಯೊಡತಿ, ಒಂಟಿ ಹೆಂಗಸು, ಎಪ್ಪತ್ತರ ಆಸುಪಾಸು. ಹೋದ ಮರುದಿನ ಬೆಳಿಗ್ಗೆ ನಾನು ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದೆ. ಒಣಮೆಣಸಿನಕಾಯಿ ಚಟಪಟ ಎನ್ನುತ್ತಿದ್ದ ಹಾಗೆ ತಲೆಯ ಮೇಲಿನ ಒಂದು ಬಿಳಿ ಬಿಲ್ಲೆ ಕೀ ಎಂದು ಕೂಗತೊಡಗಿತು. ಹೊಗೆ ಕಂಡರೆ ಕೂಗುವ ಯಂತ್ರವಂತೆ. ಗಿರಿಜಾ ಸ್ನಾನಕ್ಕೆ ಹೋಗಿದ್ದಳು. ಮೊದಲ ದಿನವೇ ತಂಗಿಯನ್ನು ಮನೆ ಬಿಡಿಸಿದೆನಲ್ಲಪ್ಪ ಎಂದು ನಾನು ಟವೆಲ್ ಬೀಸುತ್ತ ನಿಂತಿದ್ದಾಗ ಮನೆಯೊಡತಿ ಮೆಟ್ಟಿಲು ಹತ್ತಿ ಬಂದರು.

ಬೈಯಲಿಲ್ಲ. ಒಂದು ಕ್ಷಣ ಕಿವಿಗೊಟ್ಟು ಕೇಳಿದರು. ಆಮೇಲೆ ಕಿಟಕಿ ತೆರೆಯುತ್ತ, ಆ ಯಂತ್ರ ಕೂಗುತ್ತಿದ್ದ ಸ್ವರಕ್ಕಿಂತ ಸ್ವಲ್ಪ ಮೇಲೆ, ಅದಕ್ಕೆ ಹೊಂದುವ ಹಾಗೆ, "ಆ" ಎಂದು ಹಾಡಿದರು. ಕಿವಿ ಹರಿಯುವ ಆ ಕೂಗು ಇದ್ದಕ್ಕಿದ್ದಂತೆ ಕೇಳುವ ಹಾಗಾಯಿತು. ತಲೆಗೆ ಟವೆಲ್ ಸುತ್ತಿಕೊಂಡು ಓಡಿಬಂದ ಗಿರಿಜಾ ಪರಿಚಯ ಮಾಡಿಸಿದಳು. "ಇವರೇ ಹಿಲರಿ. ಹಾಡೋರು."

"ಹಿಲರಕ್ಕ" ಅಂದೆ. ನಮಗಿಂತ ಹಿರಿಯರನ್ನು ಬರಿ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

"ಅಕ್ಕಾ, ಇಲ್ಲಿ ಹಂಗೆಲ್ಲ ಕರೆಯಲ್ಲ" ಎಂದಳು ಗಿರಿಜಾ.

ಹಾಗೆಂದರೇನು ಎಂದು ಅವರು ಕೇಳಿದರು. ಗಿರಿಜಾ ಹೇಳಿದಳು. ಅವತ್ತಿನಿಂದ ಅವರು ಹಿಲರಕ್ಕನೇ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ನನ್ನ ಇಂಗ್ಲಿಷ್ ಹಾಜರಿ ಪುಸ್ತಕದಷ್ಟು. ಹಿಲರಕ್ಕನ ಇಂಗ್ಲಿಷೋ, ಅರ್ಧ ಗಂಟಲಲ್ಲೇ ಉಳಿಯುವಂಥದ್ದು. ಅವರು ಹೇಳಿದ್ದನ್ನೆಲ್ಲ ಗಿರಿಜಾ ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದಳು. ಹಾಗಾಗಿ ನನ್ನ ಪಾಲಿಗೆ ಹಿಲರಕ್ಕ ಶುದ್ಧ ತ್ಯಾವಣಿಗೆ ಕನ್ನಡದಲ್ಲೇ ಮಾತಾಡಿದ್ದು. ಬೇರೆ ರೀತಿ ಬರೆಯಲು ನನಗೆ ಬರುವುದಿಲ್ಲ.

ಆಲೂಗೆಡ್ಡೆ ಅಂಗಡಿ

ಹಿಲರಕ್ಕನ ಕಸುಬು ಏನೆಂದು ನನಗೆ ತಿಳಿದದ್ದು ತರಕಾರಿ ಕೊಳ್ಳುವಾಗ. ಆ ದೊಡ್ಡ ಅಂಗಡಿಯ ಸೂರಿನಿಂದ ಸಣ್ಣಗೆ ಹಾಡು ಬರುತ್ತಿತ್ತು, ಯಾವನೋ ಗಂಡಸಿನ ದನಿ. ಹಿಲರಕ್ಕ ಆಲೂಗೆಡ್ಡೆ ಆರಿಸುತ್ತಿದ್ದವರು ತಲೆ ಎತ್ತದೆ "ಅದು ನಾನೇ" ಅಂದರು.

"ಗಂಡಸಿನ ದನಿ ಅಲ್ವಾ?" ಎಂದೆ.

"ಅವನ ಹಿಂದೆ ಕೇಳು. ಊ ಅಂತ ಬರ್ತೈತಲ್ಲ, ಅದು."

ಕೇಳಿದೆ. ಆ ಗಂಡಸಿನ ದನಿಯ ಹಿಂದೆ ಮೂವರು ಹೆಂಗಸರ "ಊ" ಹರಡಿತ್ತು. ಮೂವರಲ್ಲಿ ನೀವು ಯಾರು ಎಂದು ಕೇಳಿದರೆ, "ಯಾರಂತ ಗೊತ್ತಾಗಬಾರ್ದು, ಅದೇ ಕೆಲಸ" ಎಂದು ಗೆಡ್ಡೆಗಳನ್ನು ಗಾಡಿಗೆ ಹಾಕಿದರು.

ಹದಿಹರೆಯದಲ್ಲಿ ಕಾರ್ಖಾನೆ ಕೆಲಸಗಾರರ ಕ್ಲಬ್ಬಿನಲ್ಲಿ ಹಾಡಲು ಶುರು ಮಾಡಿದವರು. ಆಮೇಲೆ ಲಂಡನ್ನಿಗೆ ಹೋದರು. ಅಲ್ಲಿ ಅವರಂಥವರ ಬದುಕೆಲ್ಲ ಫೋನಿನ ಮೇಲೆ. ಸಂಜೆ ಫೋನ್ ಬರುತ್ತದೆ, ಬೆಳಿಗ್ಗೆ ಸ್ಟುಡಿಯೋಕ್ಕೆ ಬಾ. ಹೋದರೆ ಮುಂದೆ ಸ್ವರ ಬರೆದ ಹಾಳೆ. ಯಾವ ಹಾಡು, ಯಾರ ಹಾಡು ಎಂದು ಯಾರೂ ಹೇಳುವುದಿಲ್ಲ. ಮೂವರು ಒಂದೇ ಮೈಕಿನ ಸುತ್ತ ನಿಂತು ಹಾಡಿ, ಮಧ್ಯಾಹ್ನದ ಊಟಕ್ಕೆ ಮನೆಗೆ. ಇವತ್ತು ಸಾಬೂನಿನ ಜಾಹೀರಾತು, ನಾಳೆ ಸಿನಿಮಾ, ನಾಡಿದ್ದು ಬಿಸ್ಕತ್ತು. ಮೂವರೂ ಮಾತಿನ ಕೊನೆಯ "ಸ್" ಅಂದರೆ ಮೈಕಿನಲ್ಲಿ ಹಾವು ಬುಸುಗುಟ್ಟಿದ ಹಾಗೆ ಕೇಳುತ್ತದಂತೆ. ಅದಕ್ಕೆ ಒಬ್ಬಳು ಮಾತ್ರ ಅದನ್ನು ಹೇಳಬೇಕು, ಉಳಿದವರು ನುಂಗಬೇಕು. ಹಿಲರಕ್ಕ ನುಂಗುವವರಲ್ಲಿ ಒಬ್ಬರು.

ನಮ್ಮಲ್ಲೂ ಹಿಂದೆ ಹೇಳುವವರು ಇದ್ದಾರೆ. ಮದುವೆಯಲ್ಲಿ ಸೋಬಾನೆ ಹೇಳುವಾಗ ಇಬ್ಬರು ಮುಂದೆ ಹೇಳಿದರೆ ಇಬ್ಬರು ಹಿಂದೆ ಎತ್ತಿಕೊಳ್ಳುತ್ತಾರೆ. ಆದರೆ ನಮ್ಮ ಹಿಂದಿನವರು ಮುಂದಿನವರ ಧಾಟಿಯನ್ನೇ ಹಾಗೇ ಹೇಳುತ್ತಾರೆ. ಅವರ ಸಂಗೀತದಲ್ಲಿ ಹಾಗಲ್ಲ. ಒಬ್ಬರು ಹಾಡಿನ ಧಾಟಿ ಹಿಡಿದರೆ, ಪಕ್ಕದವರು ಅದೇ ಮಾತನ್ನು ಅದೇ ಹೊತ್ತಿಗೆ ಬೇರೆ ಸ್ವರದಲ್ಲಿ, ಸ್ವಲ್ಪ ಮೇಲೋ ಕೆಳಗೋ, ಹೊಂದಿಸಿ ಹಾಡುತ್ತಾರೆ. ಆ ಜೊತೆಸ್ವರವನ್ನು ಒಂಟಿಯಾಗಿ ಕೇಳಿದರೆ ಯಾವ ಹಾಡೆಂದೇ ತಿಳಿಯುವುದಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ನಾನು ನಮ್ಮ ಓಣಿಯಲ್ಲಿ ಯಾವಾಗಲೂ ಮುಂದೆ ಹೇಳುವವಳೇ. ಶಾಲೆಯ ಗಂಟಲು, ಪೆಂಡಾಲಿನ ಆಚೆಗೂ ಹೋಗುತ್ತದೆ. ಇದನ್ನು ಹೇಳಿದಾಗ ಹಿಲರಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಭಯ ಆಗಲ್ಲೇನು?" ಎಂದು ಕೇಳಿದರು.

ಭಯ ಯಾಕೆ ಎಂದೆ. ಆಗ ಅವರು ಕೋಟಿನ ಹಾಡಿನ ಕಥೆ ಹೇಳಿದರು.

ಕೆಳಮನೆಯ ಪಿಯಾನೋ

ಹಿಲರಕ್ಕ ಹಾಡು ಕಟ್ಟುವವರೂ ಹೌದು. ಅವರು ಕಟ್ಟಿದ ಒಂದು ಹಾಡನ್ನು ದೊಡ್ಡ ಗಾಯಕನೊಬ್ಬ ಹಾಡಿದ. "ನಿನ್ನ ಕೋಟು ಇನ್ನೂ ನನ್ನ ಬಾಗಿಲ ಹಿಂದೆಯೇ ಇದೆ, ಚಳಿಗಾದರೂ ಬಾ" ಎಂದು ಅದರ ಅರ್ಥ. ನನಗೆ ಆ ಸಾಲು ಕೇಳಿದ ಕೂಡಲೇ ಹಿಡಿಸಿತು. ಪ್ರೀತಿಗೆ ಬರಬೇಡ, ಕೋಟಿಗಾದರೂ ಬಾ ಅನ್ನುವ ಹೆಂಗಸು ನಮ್ಮ ಓಣಿಯಲ್ಲೂ ಇರಬಹುದು. ಹಾಡು ದೇಶಕ್ಕೆಲ್ಲ ಗೊತ್ತಾಯಿತು. ಗಾಯಕ ಊರೂರು ತಿರುಗಿ ಹಾಡಿದ. ಹಿಲರಕ್ಕನೂ ಊರೂರು ತಿರುಗಿದರು, ಅವನ ಹಿಂದೆ, ಎಡಗಡೆ, ತಮ್ಮದೇ ಹಾಡಿಗೆ ಜೊತೆಸ್ವರ ಹೇಳುತ್ತ. ವರ್ಷಗಟ್ಟಲೆ.

ಆ ಗಾಯಕ ಈಗ ಇಲ್ಲ. ಊರಿನ ಸಣ್ಣ ಸಭಾಭವನದವರು ಹಿಲರಕ್ಕನಿಗೆ, ನಿಮ್ಮ ಹಾಡುಗಳನ್ನು ನೀವೇ ಒಂದು ಸಂಜೆ ಹಾಡಿ ಎಂದು ಕೇಳಿದ್ದರು. ಒಪ್ಪಿದ್ದರು, ಆಮೇಲೆ ಗಂಟಲು ನೋವೆಂದು ಬಿಟ್ಟರು. ಮತ್ತೆ ಕೇಳಿದರು, ಮತ್ತೆ ಗಂಟಲು ನೋವು. ಈಗ ಮೂರನೇ ಸಲ, ಬರುವ ಶನಿವಾರಕ್ಕೆ.

"ಈ ಸಲಾನೂ ಆಗಲಿಲ್ಲ ಅಂದ್ರೆ ಮುಗೀತು. ಇನ್ನು ಯಾವತ್ತೂ ನನ್ನ ಕೇಳಬ್ಯಾಡ್ರಿ ಅಂತ ಹೇಳಿಬಿಡ್ತೀನಿ" ಎಂದರು. "ಇಷ್ಟು ವರ್ಷ ಯಾರ ಹಿಂದೆ ನಿಂತರೆ ಅವರ ದನಿ ಥರ ನನ್ನ ದನಿ ಮಾಡಿಕೊಂಡೆ. ಈಗ ಮುಂದೆ ನಿಲ್ಲು ಅಂದ್ರೆ, ನನ್ನ ದನಿ ಯಾವುದು ಅಂತ ನನಗೇ ಗೊತ್ತಿಲ್ಲ."

ಹೇಳುವಾಗ ನಗುತ್ತಲೇ ಇದ್ದರು. ನನಗೆ ಸಂಕಟವಾಯಿತು.

ಅಂದಿನಿಂದ ಗಿರಿಜಾ ಡ್ಯೂಟಿಗೆ ಹೋದ ಮೇಲೆ ನನಗೆ ಒಂದೇ ಕೆಲಸ. ನೆಲಕ್ಕೆ ಚಾಪೆ ಹಾಸಿ ಕೂತು ಕೆಳಗಿನ ಪಿಯಾನೋ ಕೇಳುವುದು. ಯಾರೂ ಕೇಳುತ್ತಿಲ್ಲವೆಂದುಕೊಂಡು ಹಿಲರಕ್ಕ ಕೋಟಿನ ಹಾಡನ್ನು ಹಾಡುತ್ತಿದ್ದರು. ಧಾಟಿ ಎಷ್ಟು ಚೆನ್ನಾಗಿತ್ತೆಂದರೆ ಪಾತ್ರೆ ತೊಳೆಯುವಾಗ ನನ್ನ ಬಾಯಲ್ಲೂ ಅದೇ ಬರತೊಡಗಿತು. ಮಾತು ಮಾತ್ರ ಬರುತ್ತಿರಲಿಲ್ಲ. "ಕೋಟ್," "ಡೋರ್," "ಕೋಲ್ಡ್," ಉಳಿದದ್ದೆಲ್ಲ ಲಾಲಾ.

ನಮ್ಮನೆಯವರು ದಿನಾ ಫೋನ್ ಮಾಡುತ್ತಿದ್ದರು.

"ಅಲ್ಲಿ ಮಳೆ ಹೆಂಗೈತೆ?"

"ದಿನಾ ಐತ್ರಿ."

"ಒಂದಿಷ್ಟು ಸೊಕ್ಕೆ ಕಡೆ ತಳ್ಳು. ಮತ್ತೇನು ಮಾಡ್ತಿದೀಯ?"

"ಹಾಡು ಕಲೀತಿದೀನಿ."

"ಅಲ್ಲಿಗೂ ಹೋಗಿ ಶುರು ಹಚ್ಚಿಕೊಂಡ್ಯಾ" ಎಂದು ಫೋನ್ ಇಟ್ಟರು.

ಗುರುವಾರ

ಗುರುವಾರ ಬೆಳಿಗ್ಗೆ ಹಿಲರಕ್ಕ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಮಹಡಿಗೆ ಬಂದರು. ಗಂಟಲು ನೋವು. ಸಭಾಭವನಕ್ಕೆ ಫೋನ್ ಮಾಡಿ ಹೇಳಿಬಿಡಬೇಕೆಂದು, ಗಿರಿಜಾಳನ್ನೇ ಸಾಕ್ಷಿಗೆ ಕೇಳಲು ಬಂದಿದ್ದರು. ನರ್ಸ್ ಹೇಳಿದರೆ ಜನ ನಂಬುತ್ತಾರಲ್ಲ.

ಗಿರಿಜಾ ಬಾಯಿ ತೆಗೆಸಿ ಟಾರ್ಚ್ ಬಿಟ್ಟು ನೋಡಿದಳು. ನನ್ನ ಕಡೆ ತಿರುಗಿ, "ಏನೂ ಇಲ್ಲ, ಹೆದರಿಕೆ ಅಷ್ಟೇ. ಹಂಗಂತ ಹೇಳಾಕೆ ಆಗುತ್ತಾ?" ಎಂದಳು.

ನಾನು ಒಲೆ ಹಚ್ಚಿದೆ. ಕಾಳುಮೆಣಸು, ಶುಂಠಿ, ಜೀರಿಗೆ, ಬೆಲ್ಲ, ನಮ್ಮಮ್ಮ ಮಾಡುತ್ತಿದ್ದ ಕಷಾಯ. ಮೆಣಸು ಒಂದು ಹಿಡಿ ಜಾಸ್ತಿಯೇ ಹಾಕಿದೆ. ಹಿಲರಕ್ಕ ಒಂದು ಗುಟುಕು ಕುಡಿದು ಕೆಂಪಗಾದರು. ಎರಡನೇ ಗುಟುಕಿಗೆ ಕಣ್ಣಲ್ಲಿ ನೀರು. ಲೋಟ ಪೂರ್ತಿ ಮುಗಿಸುವವರೆಗೆ ನಾನು ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ಮೂರನೇ ಕ್ಲಾಸಿನ ಮಕ್ಕಳ ಮುಂದೆ ನಿಲ್ಲುತ್ತಿದ್ದದ್ದೂ ಹೀಗೆಯೇ.

"ಈಗ ಹೆಂಗೈತೆ?" ಎಂದೆ.

ಮಫ್ಲರ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. "ನನ್ನ ಹತ್ರ ಇದ್ದದ್ದು ಇದೊಂದೇ ನೆಪ. ಅದನ್ನೂ ಕಿತ್ತುಕೊಂಡ್ರಿ" ಎಂದು ಕೆಳಗಿಳಿದು ಹೋದರು. ಸ್ವಲ್ಪ ಹೊತ್ತಿಗೆ ಪಿಯಾನೋ ಕೇಳಿಸಿತು. ಗಿರಿಜಾ, ನಾನು ಇಬ್ಬರೂ ಉಸಿರು ಬಿಟ್ಟೆವು.

ಶನಿವಾರದ ಸಂಜೆ

ಸಭಾಭವನ ಹಿಂದೆ ಚರ್ಚಾಗಿತ್ತಂತೆ. ಮರದ ಬೆಂಚುಗಳು ಹಾಗೇ ಇದ್ದವು. ಬಂದವರಲ್ಲಿ ಹೆಚ್ಚಿನವರು ವಯಸ್ಸಾದವರು. ಚಹಾದ ಕಪ್ಪು ಹಿಡಿದು, ಯಾರೂ ಯಾರ ಮೈಗೂ ತಾಗದ ಹಾಗೆ ಕೂತಿದ್ದರು. ಒಬ್ಬ ಅಜ್ಜಿ ಹೆಣಿಗೆ ತಂದಿದ್ದಳು. ಇಷ್ಟು ಜನ ನಮ್ಮಲ್ಲಿ ಸೇರಿದ್ದರೆ ಪಕ್ಕದ ಬೀದಿಗೆ ಕೇಳುತ್ತಿತ್ತು. ಇಲ್ಲಿ ಸೂಜಿಯ ಸದ್ದು ಕೇಳುತ್ತಿತ್ತು. ನಾನು, ಗಿರಿಜಾ ಮೂರನೇ ಸಾಲಿನಲ್ಲಿ ಕೂತೆವು. ನಾನು ರೇಷ್ಮೆ ಸೀರೆ ಉಟ್ಟಿದ್ದೆ. ಮೇಲೆ ಗಿರಿಜಾಳ ಸ್ವೆಟರ್.

ಪಿಯಾನೋದ ಮುಂದೆ ಕಾಲಿನ್ ಎಂಬ ಮುದುಕರು ಕೂತರು. ಆ ಗಾಯಕನ ಜೊತೆ ಊರೂರು ತಿರುಗುವಾಗ ಪಿಯಾನೋ ನುಡಿಸಿದವರೂ ಅವರೇ. ಹಿಲರಕ್ಕ ನೀಲಿ ಬಟ್ಟೆ ಹಾಕಿಕೊಂಡು ಬಂದರು. ಮೈಕ್ ನಡುವೆ ಇತ್ತು. ಅವರು ಅದರ ಹತ್ತಿರ ಹೋಗದೆ ಒಂದು ಹೆಜ್ಜೆ ಹಿಂದೆ, ಎಡಗಡೆಗೆ ನಿಂತರು. ಮುಂದೆ ಯಾರೋ ಬರುವವರಿದ್ದಾರೆ ಅನ್ನುವ ಹಾಗೆ.

ಕಷ್ಟವಾದದ್ದನ್ನು ಮೊದಲು ಮುಗಿಸಿಬಿಡುತ್ತೇನೆ ಎಂದು ಕೋಟಿನ ಹಾಡನ್ನೇ ಮೊದಲಿಗೆ ಇಟ್ಟುಕೊಂಡಿದ್ದರು. ಕಾಲಿನ್ ಶುರು ಮಾಡಿದರು. ಹಿಲರಕ್ಕ ಉಸಿರೆಳೆದು ಹಾಡಿದರು.

ಮಾತು ಅದೇ. ಧಾಟಿ ಅದಲ್ಲ.

ನನಗೆ ಮೊದಲು ಏನಾಯಿತೆಂದೇ ತಿಳಿಯಲಿಲ್ಲ. ಪ್ರತಿದಿನ ನೆಲದ ಕೆಳಗಿನಿಂದ ಕೇಳಿದ ಹಾಡು ಎಲ್ಲಿ ಹೋಯಿತು? ಎರಡನೇ ಸಾಲಿಗೆ ಹೊಳೆಯಿತು. ಅದೇ ಕಾಲಿನ್, ಅದೇ ಪಿಯಾನೋ, ಎದುರಿಗೆ ಜನ. ಹಿಲರಕ್ಕನ ಗಂಟಲು ತನ್ನಷ್ಟಕ್ಕೆ ಹಳೆಯ ಜಾಗಕ್ಕೆ ಹೋಗಿ ಜೊತೆಸ್ವರ ಹಾಡುತ್ತಿತ್ತು. ಮುಂದಿನವನು ಇಲ್ಲದ ಜೊತೆಸ್ವರ. ಅವರಿಗೂ ತಪ್ಪಿದ್ದು ಗೊತ್ತಾಯಿತು, ಮುಖ ಬಿಳಚಿಕೊಂಡಿತು. ಆದರೆ ಬಿಡಿಸಿಕೊಳ್ಳಲು ಆಗುತ್ತಿಲ್ಲ. ದನಿ ಸಣ್ಣಗಾಗುತ್ತ ಬಂತು. ಜನರೆಲ್ಲ ತಮ್ಮ ತಮ್ಮ ಮಂಡಿ ನೋಡುತ್ತ ಕೂತರು. ಅವರ ಮರ್ಯಾದೆ ಅದು, ಬೇರೆಯವರ ಕಷ್ಟವನ್ನು ನೋಡದಿರುವುದು.

ನಮ್ಮ ಮರ್ಯಾದೆ ಬೇರೆ. ಹಸೆಯ ಮೇಲೆ ಮದುಮಕ್ಕಳು ಕೂತಿರುವಾಗ ಸೋಬಾನೆ ಪದ ನಡುವೆ ನಿಲ್ಲಬಾರದು. ಮುಂದೆ ಹೇಳುವವಳಿಗೆ ಕೆಮ್ಮು ಬಂದರೆ, ಸಾಲು ಮರೆತರೆ, ಅಳು ಬಂದರೆ, ಯಾರಿಗೆ ಬರುತ್ತದೋ ಅವರು ಎತ್ತಿಕೊಳ್ಳಬೇಕು. ಯಾರು ನೀನು ಎಂದು ಯಾರೂ ಕೇಳುವುದಿಲ್ಲ. ಇಷ್ಟನ್ನೆಲ್ಲ ನಾನು ಅಲ್ಲಿ ಕೂತು ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ಬಾಯಿ ತಾನಾಗಿ ತೆರೆಯಿತು.

"ಕೋಟ್ ಲಾಲಾ ಲಾ ಡೋರ್" ಎಂದು, ಶಾಲೆಯ ಗಂಟಲಿನಲ್ಲಿ, ಸರಿಯಾದ ಧಾಟಿಯಲ್ಲಿ ಎತ್ತಿಕೊಂಡೆ.

ಗಿರಿಜಾ ನನ್ನ ತೊಡೆ ಚಿವುಟಿದಳು. "ಅಕ್ಕಾ! ಕೂತ್ಕೋ! ಮಾನ ಹೋಗುತ್ತೆ!" ನಾನು ಯಾವಾಗ ಎದ್ದು ನಿಂತಿದ್ದೆನೋ ನನಗೇ ಗೊತ್ತಿರಲಿಲ್ಲ. ಬೆಂಚುಗಳೆಲ್ಲ ನನ್ನ ಕಡೆ ತಿರುಗಿದವು. ಹೆಣಿಗೆಯ ಅಜ್ಜಿ ಸೂಜಿ ನಿಲ್ಲಿಸಿದಳು. ಕಾಲಿನ್ ಮಾತ್ರ ನಿಲ್ಲಿಸಲಿಲ್ಲ, ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಆಮೇಲೆ ಆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನನ್ನ ಒರಟು ಧಾಟಿಯ ಮೇಲೆ ಹಿಲರಕ್ಕನ ಜೊತೆಸ್ವರ ಬಂದು ಕೂತಿತು. ಬಟ್ಟೆಯ ಎರಡು ತುದಿ ಹಿಡಿದು ಕೊಡವಿದ ಹಾಗೆ ಹಾಡು ಇದ್ದಕ್ಕಿದ್ದಂತೆ ಬಿಚ್ಚಿಕೊಂಡಿತು. ಅವರ ದನಿ ಗಟ್ಟಿಯಾಯಿತು. ಮುಂದೆ ಯಾರೋ ಇದ್ದಾರಲ್ಲ! ಕೊನೆಯವರೆಗೂ ಹಾಗೇ ಹಾಡಿದೆವು, ವೇದಿಕೆಯ ಮೇಲೆ ಹಾಡು ಕಟ್ಟಿದವರ ಜೊತೆಸ್ವರ, ಮೂರನೇ ಸಾಲಿನಲ್ಲಿ ಚನ್ನಗಿರಿಯ ಲಾಲಾ. ಜನ ಚಪ್ಪಾಳೆ ತಟ್ಟಿದರು. ನಾನು ಕುಸಿದು ಕೂತೆ. ಪದ ನಿಲ್ಲಲಿಲ್ಲ, ಸದ್ಯ.

ಹಿಲರಕ್ಕ ನೀರು ಕುಡಿದು ಮೈಕಿನ ಹತ್ತಿರ ಬಂದರು. ಗಿರಿಜಾ ನನ್ನ ಕಿವಿಯಲ್ಲಿ ಹೇಳುತ್ತ ಹೋದಳು. "ಈ ಹಾಡು ಕಟ್ಟಿದವಳು ನಾನು. ಆದ್ರೆ ಇಷ್ಟು ವರ್ಷ ಪಕ್ಕದಾಗೆ ನಿಂತು ನಿಂತು, ಈಗ ಜನರ ಮುಂದೆ ನನಗೆ ಪಕ್ಕದ್ದೇ ಬರ್ತೈತೆ, ನೋಡಿದ್ರಲ್ಲ. ನನ್ನ ಹಾಡನ್ನ ಹಾಡಿದ್ದು ಆ ಸೀರೆಯವರು." ಜನ ನಕ್ಕರು, ಹೊಟ್ಟೆ ತುಂಬ ನಕ್ಕರು. ಅಷ್ಟು ಹೊತ್ತು ಮಂಡಿ ನೋಡಿದವರೆಲ್ಲ ತಲೆ ಎತ್ತಿದರು. ಹಿಲರಕ್ಕನೂ ನಕ್ಕರು. ಆದರೆ ನಾನು ನಗಲಿಲ್ಲ. ಹಾಡು ಉಳಿದಿತ್ತು, ನಿಜ. ಹಿಲರಕ್ಕ ಅದನ್ನು ಇನ್ನೂ ಹಾಡಿರಲಿಲ್ಲ.

ಉಳಿದ ಹಾಡುಗಳು ನೀರು ಹರಿದ ಹಾಗೆ ಹೋದವು. ಅವನ್ನು ಬೇರೆ ಯಾರೂ ಯಾವತ್ತೂ ಹಾಡಿರಲಿಲ್ಲವಾದ್ದರಿಂದ ಅವಕ್ಕೆ ಪಕ್ಕದ ಸ್ವರವೇ ಇರಲಿಲ್ಲ. ಒಂದು ಅವರ ತಾಯಿಯ ಮೇಲೆ, ಒಂದು ಬೆಳಗಿನ ರೈಲಿನ ಮೇಲೆ. ಒಂದೊಂದು ಹಾಡಿಗೂ ಅವರು ಮೈಕಿಗೆ ಸ್ವಲ್ಪ ಸ್ವಲ್ಪ ಹತ್ತಿರವಾದರು. ಕೊನೆಯದು ಮುಗಿದು ಜನ ಎದ್ದು ನಿಂತು ಚಪ್ಪಾಳೆ ತಟ್ಟುವಾಗ ನಾನು ಸೀರೆಯ ಸೆರಗಿನಲ್ಲಿ ಮೂಗು ಒರೆಸಿಕೊಂಡೆ. ಮುಗಿಯಿತು, ಆಯಿತು, ಇನ್ನು ಮನೆಗೆ ಹೋಗಿ ಅನ್ನ ಸಾರು ಉಣ್ಣಬಹುದು ಅಂದುಕೊಂಡೆ.

ಹಿಲರಕ್ಕ ಒಳಗೆ ಹೋಗಲಿಲ್ಲ. ಕಾಲಿನ್ ಕಡೆ ಬಗ್ಗಿ ಏನೋ ಹೇಳಿದರು. ಕಾಲಿನ್ ಪಿಯಾನೋದ ಮೇಲೆ ಕೈಯಿಟ್ಟರು. ಕೋಟಿನ ಹಾಡು.

ಯಾಕೆ ಬೇಕಿತ್ತು, ಎಲ್ಲ ಸರಿಹೋಗಿತ್ತಲ್ಲ! ಎಲ್ಲಿ ಮತ್ತೆ ಪಕ್ಕದ ಸ್ವರಕ್ಕೆ ಹೋಗುತ್ತಾರೋ ಎಂದು ನಾನು ಬೆಂಚಿನ ತುದಿಗೆ ಬಂದು, ಎತ್ತಿಕೊಳ್ಳಲು ಸಿದ್ಧವಾಗಿ ಉಸಿರೆಳೆದುಕೊಂಡೆ.

ಹಿಲರಕ್ಕ ನನ್ನನ್ನೇ ನೋಡುತ್ತಿದ್ದರು. ಮೈಕಿನ ನೇರಕ್ಕೆ ಬಂದು ನಿಂತು, ಬಲಗೈ ಎತ್ತಿ ಅಂಗೈ ತೋರಿಸಿದರು. ಬೇಡ, ಸುಮ್ಮನಿರು.

ಹುಟ್ಟಿದಾಗಿನಿಂದ ನನ್ನ ಬಾಯಿ ಮುಚ್ಚಿಸಲು ಬಹಳ ಜನ ನೋಡಿದ್ದಾರೆ. ನಮ್ಮನೆಯವರು ಈಗಲೂ ನೋಡುತ್ತಿದ್ದಾರೆ. ಯಾರಿಂದಲೂ ಆಗಿರಲಿಲ್ಲ. ಅವತ್ತು ಸುಮ್ಮನಾದೆ. ಎದುರಿಗೆ ಒಂದು ದನಿ, ಯಾರ ದನಿಯ ಹಾಗೂ ಇಲ್ಲದ ದನಿ, ತನ್ನ ಹಾಡನ್ನು ಮೊದಲ ಸಾಲಿನಿಂದ ಹಾಡತೊಡಗಿತು.